ಕಾಕಾ ಬಸ್ಸಿನಿಂದ ತಂದ ಮಾತು

ಹೋದ ತಿಂಗಳು ತಿಳವಳ್ಳಿಯಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಹಾನಗಲ್ಲಿಗೆ ಬಂದು, ಅಲ್ಲಿಂದ ಶಿಗ್ಗಾಂವಿಯ ಬಸ್ಸು ಹತ್ತಿದೆ. ಹೆಂಗಸರು ಟಿಕೀಟಿನ ದುಡ್ಡು ಕೊಡಬೇಕಿಲ್ಲದ ಕಾಲ ಇದು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಬ್ಬರು ಕೂರುವ ಸೀಟಿನಲ್ಲಿ ಕಿಟಕಿಯ ಬದಿಗೆ ಕೂಸನ್ನು ಮಡಿಲಲ್ಲಿಟ್ಟುಕೊಂಡ ಒಬ್ಬ ತಾಯಿ, ಈಚೆಗೆ ನಾನು. ಬಸ್ಸು ಊರು ದಾಟುವ ಮೊದಲೇ ದಪ್ಪ ಮೈಯ ಮನುಷ್ಯನೊಬ್ಬ, ಕೈಯಲ್ಲಿ ಮಿಕ್ಸರಿನ ರಟ್ಟಿನ ಡಬ್ಬಿ ಹಿಡಿದುಕೊಂಡು, ನನ್ನ ಪಕ್ಕ ಬಂದು ನಿಂತ.

"ಅಕ್ಕಾರ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ."

ಏನು ಹೇಳಬೇಕೆಂದು ಯೋಚಿಸುವ ಮೊದಲೇ ನನ್ನ ಮೊಣಕಾಲುಗಳು ತಾವಾಗಿ ಒಳಕ್ಕೆ ಸರಿದವು. ಆತ ಕೂತ. ಸ್ವಲ್ಪ ಹೊತ್ತಿಗೆ ಅವನ ಡಬ್ಬಿಯ ಒಂದು ಮೂಲೆ ನನ್ನ ತೊಡೆಯ ಮೇಲೆ ಬಂತು, ಆಮೇಲೆ ಇಡೀ ಡಬ್ಬಿಯೇ ಬಂತು. ಶಿಗ್ಗಾಂವಿಯಲ್ಲಿ ಇಳಿದಾಗ ಕಾಲು ಜೋಮು ಹಿಡಿದಿದ್ದವು. ಮನೆಗೆ ಬಂದು ಚಹಾ ಕುಡಿದ ಮೇಲೂ ಆ ಸರಿದದ್ದೇ ತಲೆಯಲ್ಲಿತ್ತು. ಸರ್ವೆ ಕಚೇರಿಯಲ್ಲಿ ಹೊಲಗಳ ನಕಾಶೆ ಬರೆಯುವ ಕೆಲಸದಲ್ಲಿ ವಯಸ್ಸು ಕಳೆದವಳು ನಾನು. ಇವರ ಬದು ಇಲ್ಲಿ, ಅವರ ಬದು ಅಲ್ಲಿ ಎಂದು ಗೆರೆ ಎಳೆದು, ಜಗಳಕ್ಕೆ ಬಂದವರ ಮುಂದೆ ಕದಲದೆ ಕೂತವಳು. ಅಂಥವಳ ಮೊಣಕಾಲು ಒಂದು ಮಾತಿಗೆ, ನನ್ನನ್ನು ಕೇಳದೆ, ಸರಿದುಬಿಟ್ಟವಲ್ಲ ಎಂದು ಮನಸ್ಸು ಅಲುಗಿಹೋಯಿತು. ಆ ಕಾಲುಗಳು ಇದನ್ನು ಎಲ್ಲಿ ಕಲಿತವು ಎಂಬುದು ನನಗೆ ಗೊತ್ತು. ಹೀಗೆ ಕಲಿತದ್ದನ್ನು ಒಬ್ಬಳು ಹೇಗೆ ಬಿಟ್ಟಳು ಎಂಬುದನ್ನೂ ಕಣ್ಣಾರೆ ನೋಡಿದ್ದೇನೆ. ಎರಡನ್ನೂ ನೆನಪಿದ್ದಷ್ಟೇ, ಏನೂ ಕೂಡಿಸದೆ ಬರೆಯುತ್ತೇನೆ.

ಹಿರೇಕೆರೂರಿನ ನಮ್ಮ ಮನೆ ಉದ್ದಕ್ಕಿತ್ತು, ಅಗಲ ಕಡಿಮೆ. ತಲೆಬಾಗಿಲು ದಾಟಿದರೆ ಮೊದಲು ಎತ್ತು ಎಮ್ಮೆ ಕಟ್ಟುವ ಜಾಗ, ಅವುಗಳ ಮೇವಿನ ಗ್ವಾದಲಿ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಪಡಸಾಲಿ. ಪಡಸಾಲಿಯ ಬಲಕ್ಕೆ ಅಡುಗೆಮನೆ, ಎಡಕ್ಕೆ ಕಾಳಿನ ಖೋಲಿ, ಎದುರಿಗೆ ದೇವರ ಜಗಲಿ. ಅಡುಗೆಮನೆಯಿಂದ ಹಿತ್ತಲಿಗೆ ಒಂದು ಬಾಗಿಲು. ಎರಡೂ ಪಕ್ಕದ ಗೋಡೆಗಳು ನೆರೆಯವರ ಗೋಡೆಗಳಿಗೆ ಅಂಟಿಕೊಂಡಿದ್ದರಿಂದ ಮನೆಗೆ ಕಿಟಕಿ ಎಂಬುದೇ ಇರಲಿಲ್ಲ. ಪಡಸಾಲಿಯ ಮಾಳಿಗೆಯಲ್ಲಿ ಒಂದೇ ಒಂದು ಬೆಳಕಿಂಡಿ. ಮುಂಜಾನೆ ಅದರಿಂದ ಇಳಿದ ಬಿಸಿಲು ನಡುಗಂಬದ ಬುಡದಲ್ಲಿ ಬಿದ್ದು, ಹೊತ್ತು ಏರಿದಂತೆ ಗೋಡೆಯ ಕಡೆಗೆ ಮೆಲ್ಲಗೆ ನಡೆದುಹೋಗುತ್ತಿತ್ತು. ಆ ಕಂಬಕ್ಕೂ ಆ ಗೋಡೆಗೂ ನಡುವಿನ ನೆಲ ನನ್ನ ಅವ್ವನದು. ಅವಳದು ಎಂದು ಯಾರೂ ಹೇಳಿರಲಿಲ್ಲ. ಅಡುಗೆ, ಸಗಣಿ, ನೀರು, ಬುತ್ತಿ ಎಲ್ಲ ಮುಗಿದ ಮೇಲೆ ಅವಳು ಹೋಗಿ ಕೂರುತ್ತಿದ್ದದ್ದು ಅಲ್ಲಿ, ಅಷ್ಟೇ.

ಅವ್ವ ಕೌದಿ ಹೊಲಿಯುತ್ತಿದ್ದಳು. ಮಾಸೂರು, ರಟ್ಟೀಹಳ್ಳಿಯ ಕಡೆಯವರೂ ತಮ್ಮ ಮನೆಯ ಹಳೆಯ ಸೀರೆ, ಧೋತರಗಳ ಗಂಟನ್ನು ತಂದು ಅವಳ ಮುಂದೆ ಇಡುತ್ತಿದ್ದರು. ಸತ್ತ ಅಜ್ಜಿಯ ಇಳಕಲ್ ಸೀರೆ, ಹುಟ್ಟಿದ ಕೂಸಿನ ಮೊದಲ ಅಂಗಿ ಎಲ್ಲ ಆ ಗಂಟಿನಲ್ಲಿರುತ್ತಿದ್ದವು. ಕೌದಿ ಹೊಲಿಯುವುದನ್ನು ನೋಡದವರಿಗೆ ಒಂದು ಸಂಗತಿ ಹೇಳಬೇಕು. ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಯಲಾಗುವುದಿಲ್ಲ. ಪೂರಾ ಅಗಲಕ್ಕೆ ನೆಲದ ಮೇಲೆ ಹಾಸಬೇಕು. ಪದರದ ಮೇಲೆ ಪದರವಿಟ್ಟು, ಅಂಗೈಯಿಂದ ನೀವಿ, ಮೂಲೆಗಳಿಗೆ ಕಲ್ಲು ಹೇರಬೇಕು. ಹೊಲಿಗೆ ಹೊರಗಿನ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ಒಳಕ್ಕೆ ಹೋಗಿ ನಡುವಿನಲ್ಲಿ ಮುಗಿಯುತ್ತದೆ. ಹೊಲಿಯುವವಳು ಕೌದಿಯ ಮೇಲೆಯೇ ಕೂತು, ಸುತ್ತಿನ ಜೊತೆ ತಾನೂ ಸರಿಯುತ್ತ ಹೋಗುತ್ತಾಳೆ. ಕೊನೆಯ ತ್ಯಾಪಿ, ಅಂದರೆ ತೇಪೆಯ ತುಂಡು, ಮುಚ್ಚುವ ಮೊದಲು ಅದರೊಳಗೆ ಎಳ್ಳುಕಾಳಿನಷ್ಟು ಹೋಳಿಗೆ ಇಡುವುದು ನಮ್ಮ ಮನೆಯ ಪದ್ಧತಿ. ಕೌದಿಯ ಹೊಟ್ಟೆ ತುಂಬಿಸಬೇಕು, ಹಸಿದ ಕೌದಿ ಹೊದ್ದವರನ್ನು ಮಲಗಗೊಡುವುದಿಲ್ಲ ಎಂದು ಅಪ್ಪನ ತಾಯಿ ಹೇಳುತ್ತಿದ್ದಳು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಕಾಳಿನ ಖೋಲಿಯ ಕೀಲಿಕೈ ಆಯಿಯ ಸೊಂಟದಲ್ಲಿರುತ್ತಿತ್ತು. ಅವಳು ಎದ್ದರೂ ಕೂತರೂ ಮನೆಗೆ ಕೇಳಿಸುತ್ತಿತ್ತು.

ನಾನು ಹೇಳಬೇಕೆಂದಿರುವ ಮಾತನ್ನು ನಮ್ಮ ಮನೆಗೆ ತಂದವನು ಬಸಣ್ಣ ಕಾಕಾ, ಅಪ್ಪನ ತಮ್ಮ. ಅವನಿಗೆ ಹಿರೇಕೆರೂರಿನಿಂದ ತಿಳವಳ್ಳಿಯ ಮೇಲೆ ಹಾನಗಲ್ಲಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಿಕೆ ಸಿಕ್ಕಿತು. ಖಾಕಿ ಅಂಗಿ, ಚರ್ಮದ ಚೀಲ, ಕೊರಳಲ್ಲಿ ಸೀಟಿ. ಕಾಕಾ ನಗುಮುಖದವನು, ನಮ್ಮ ಮೇಲೆ ಜೀವ ಇಟ್ಟವನು. ಅವನ ಬಗ್ಗೆ ಬೇರೆ ತರಹ ಬರೆದರೆ ಸುಳ್ಳಾಗುತ್ತದೆ. ತುಂಬಿದ ಬಸ್ಸಿಗೆ ಮತ್ತಷ್ಟು ಜನರನ್ನು ಹತ್ತಿಸುವುದರಲ್ಲಿ ಅವನಿಗೆ ಹೆಸರು ಬಂತು. ಆ ಹೆಸರನ್ನು ಅವನು ಮನೆಗೂ ತಂದ. ಊಟಕ್ಕೆ ನಾವು ಸಾಲಾಗಿ ಕೂತಾಗ ಸೀಟಿ ಊದಿ ಹೇಳುತ್ತಿದ್ದ:

"ಏ ಪಿಳ್ಳೆಗಳ, ಅಡ್ಜಸ್ಟ್ ಮಾಡ್ಕೊಂಡ್ ಕುಂದರ್ರಿ! ಇನ್ನೂ ಇಬ್ರು ಹತ್ತೋರದಾರ. ಕಸ್ತೂರಿ, ಮೊಣಕಾಲ ಒಳಗ. ಹಾಂ, ರೈಟ್!"

ಕಸ್ತೂರಿ ನಾನು. ನಾವು ಕಿಲಕಿಲ ನಗುತ್ತ ಮೊಣಕಾಲು ಒಳಕ್ಕೆ ಎಳೆದುಕೊಳ್ಳುತ್ತಿದ್ದೆವು. ಇನ್ನಿಬ್ಬರು ಎಂದರೆ ಕಾಕಾ ಮತ್ತು ಅವನ ಚೀಲ. ಚೀಲಕ್ಕೂ ಒಂದು ಮಣೆ ಬೇಕಾಗುತ್ತಿತ್ತು.

ಇಂಗ್ಲಿಷಿನ ಒಂದು ಅಕ್ಷರ ಓದಲು ಬಾರದ ಮನೆಯಲ್ಲಿ ಆ ಒಂದು ಮಾತು ಎಷ್ಟು ಬೇಗ ಬೇರು ಬಿಟ್ಟಿತೆಂದರೆ, ಅದು ಇಲ್ಲದೆ ಮೊದಲು ಹೇಗೆ ಸಂಸಾರ ಮಾಡುತ್ತಿದ್ದೆವೋ ತಿಳಿಯದಂತಾಯಿತು. ಆಯಿಯ ಬಾಯಲ್ಲಿ ಅದು 'ಅಜಸ್ಟ' ಆಯಿತು. ಸಾರಿಗೆ ಉಪ್ಪು ಕಡಿಮೆಯಾದರೆ 'ಒಂಚೂರು ಅಜಸ್ಟ ಮಾಡು' ಎನ್ನುವಳು. ಪಲ್ಯ ಸಾಲದಿದ್ದರೆ 'ಇದ್ದದ್ದರಾಗ ಅಜಸ್ಟ ಮಾಡ್ಕೊಳ್ಳಿ' ಎನ್ನುವಳು. ಕಾಕಾ ರೇಡಿಯೋದ ಕಿವಿ ಹಿಂಡುತ್ತ ಧಾರವಾಡದ ಸ್ಟೇಷನ್ನನ್ನು ಅಡ್ಜಸ್ಟ್ ಮಾಡುತ್ತಿದ್ದ. ಸಿಂಪಿಗ ನನ್ನ ಅಂಗಿಯನ್ನು ಬಿಗಿಯಾಗಿ ಹೊಲಿದು, ಬೆಳಕೊಂತ ಹೋದಂಗ ಅಡ್ಜಸ್ಟ್ ಆಗ್ತದ ಎಂದು ಕಳಿಸಿದ. ನೆಂಟರು ಬಂದು ಒಂದು ಹೆಣ್ಣಿನ ಗುಣ ಹೇಳುವಾಗ 'ಎಲ್ಲಿ ಕೊಟ್ರೂ ಅಡ್ಜಸ್ಟ್ ಆಗೋ ಹುಡುಗಿ' ಎನ್ನುತ್ತಿದ್ದರು. ಗಂಡಿನ ಬಗ್ಗೆ ಹಾಗೆ ಹೇಳಿದ್ದನ್ನು ನಾನು ಕೇಳಲಿಲ್ಲ. ಮೊದಲು ನಮ್ಮಲ್ಲಿ 'ಸರಕೋ' ಎಂಬ ಮಾತಿತ್ತು. ಸರಕೋ ಎಂದರೆ, ಎಲ್ಲಿಗೆ ಸರಕೊಳ್ಳಲಿ ಎಂದು ತಿರುಗಿ ಕೇಳಬಹುದಿತ್ತು. 'ತಾಳ್ಕೋ' ಎಂದರೆ, ಎಷ್ಟು ದಿನ ಎನ್ನಬಹುದಿತ್ತು. ಈ ಹೊಸ ಮಾತಿಗೆ ತಿರುಗಿ ಕೇಳಲು ನಮ್ಮ ಬಾಯಲ್ಲಿ ಏನೂ ಇರಲಿಲ್ಲ. ಅದು ನಗುತ್ತ ಬರುತ್ತಿತ್ತು, ಜೊತೆಗೆ 'ಸ್ವಲ್ಪ' ಎಂಬುದನ್ನೂ ಕರೆದುಕೊಂಡು ಬರುತ್ತಿತ್ತು. ಸ್ವಲ್ಪ ಎಂದ ಮೇಲೆ ಯಾರು ಜಗಳ ಮಾಡುತ್ತಾರೆ?

ಒಂದು ಸಲ ಅಪ್ಪ ಎಮ್ಮೆಯನ್ನು ಬಾಗಿಲ ಬದಿಯ ಹೊಸ ಗ್ವಾದಲಿಗೆ ಕಟ್ಟಿದ. ಎಮ್ಮೆ ಮೇವು ಮೂಸಿ ಸುಮ್ಮನೆ ನಿಂತಿತು. ಹಾಲು ಅರ್ಧಕ್ಕೆ ಇಳಿಯಿತು.

"ಎಮ್ಮಿ ಅಜಸ್ಟ ಆಗವಲ್ದಪಾ," ಎಂದಳು ಆಯಿ.

ಅಪ್ಪ ಮಾತು ಕಡಿಮೆಯವನು. ಮರುದಿನವೇ ಹೊಸ ಗ್ವಾದಲಿ ಒಡೆದು, ಹಳೆಯ ಜಾಗದಲ್ಲೇ ಮತ್ತೆ ಕಟ್ಟಿದ. ಎಮ್ಮೆ ಹಾಲು ಕೊಟ್ಟಿತು. ಅವ್ವ ಹಾಲಿನ ಚರಿಗೆ ಹಿಡಿದು ಅಲ್ಲೇ ನಿಂತಿದ್ದಳು. ಬಹಳ ಹೊತ್ತು ಆ ಎಮ್ಮೆಯನ್ನು ನೋಡುತ್ತಿದ್ದಳು.

ಆ ಮಾತು ಮನೆಯಲ್ಲಿ ಎಲ್ಲರ ಬಾಯಿಂದ ಹೊರಟು ಎಲ್ಲಿ ಹೋಗಿ ಕೂರುತ್ತದೆ ಎಂಬುದನ್ನು ನಾನು ಐದನೆಯ ಇಯತ್ತೆಯಲ್ಲಿದ್ದಾಗ ಗಮನಿಸತೊಡಗಿದೆ. ಕಾಕಾನ ಗೆಳೆಯರು ಇಸ್ಪೀಟಿಗೆ ಬಂದರೆ, ಬೆಳಕಿದ್ದಲ್ಲಿ ಕೂರಬೇಕು, ಅವ್ವನ ಕೌದಿ ಅರ್ಧ ಮಡಚಬೇಕು. ಆಯಿ ಶ್ಯಾವಿಗೆ ಒಣಗಿಸಬೇಕೆಂದರೆ ಅದೇ ಬಿಸಿಲು ಬೇಕು, ಕೌದಿ ಇನ್ನರ್ಧ ಮಡಚಬೇಕು. 'ವೈನಿ, ಸ್ವಲ್ಪ ಅಡ್ಜಸ್ಟ್' ಎಂದು ಅತ್ತಿಗೆಗೆ ಕಾಕಾ, 'ಗೌರಿ, ಅಜಸ್ಟ' ಎಂದು ಸೊಸೆಗೆ ಆಯಿ. ಅವ್ವ ಕಲ್ಲು ಎತ್ತಿ, ಅಂಚು ಮಡಚಿ, ಉಳಿದಷ್ಟರಲ್ಲಿ ಕೂತು ಹೊಲಿಯುವಳು. ಹಾಗೆ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ಹೊಲಿದ ಒಂದು ಕೌದಿಯಲ್ಲಿ ಒಳಗಿನ ಪದರ ಸರಿದು, ಬಟ್ಟೆ ಮುದ್ದೆಗಟ್ಟಿ ಮೂಲೆಯಿಂದ ಮೂಲೆಗೆ ಒಂದು ಗೆಣ್ಣು ಎದ್ದಿತು. ಮಾಸೂರಿನವರು ತಮ್ಮ ಬಾಣಂತಿ ಮಗಳಿಗೆಂದು ಹೊಲಿಸಿದ ಕೌದಿ ಅದು. ಹುಡುಗಿಯ ತಾಯಿಯೇ ಅದನ್ನು ಹೊತ್ತುಕೊಂಡು ಬಂದಳು. ಜಗಳಕ್ಕೆ ಬಂದವಳಲ್ಲ, ಅದಕ್ಕೇ ನೋವಾಯಿತು.

"ಗೌರಕ್ಕ, ನಿನ್ನ ಕೈ ಅಂತ ಕಣ್ಮುಚ್ಚಿ ತಗೊಂಡ್ ಹೋದೆ. ಹುಡುಗಿಗೆ ಬೆನ್ನಾಗ ಒತ್ತತೈತಿ. ಹಸಿ ಮೈ ಐತಿ ನೋಡು, ತಡಕೊಳ್ಳಾಕ ಆಗವಲ್ದು."

"ಒಳಗ ಬಾ, ನೀರು ಕುಡಿ," ಎಂದಳು ಅವ್ವ.

ಯಾರು ಮಡಚಿಸಿದರು, ಯಾಕೆ ಮಡಚಿದೆ ಎಂದು ಒಂದು ಮಾತೂ ಹೇಳಲಿಲ್ಲ. ಬೇರೆ ಕೌದಿ ಹೊಲಿದು ಕೊಡುತ್ತೇನೆ ಎಂದಳು, ಕೊಟ್ಟಳು. ಆ ಗೆಣ್ಣಿನ ಕೌದಿಯನ್ನು ತನ್ನ ಹಾಸಿಗೆಗೇ ಹಾಕಿಕೊಂಡಳು. ನಾನು ಅವಳ ಪಕ್ಕ ಮಲಗುತ್ತಿದ್ದವಳು; ಆ ಗೆಣ್ಣು ನನ್ನ ಬೆನ್ನಿಗೂ ಗೊತ್ತು. ಕೈಯಾಡಿಸಿದರೆ ಒಂದು ಹಗ್ಗ ಒಳಗೆ ಸಿಕ್ಕಿಕೊಂಡ ಹಾಗೆ.

ಅದೇ ಹಂಗಾಮಿನಲ್ಲಿ ಕಾಕಾನ ಮದುವೆ ಗೊತ್ತಾಯಿತು. ಹುಡುಗಿ ರಟ್ಟೀಹಳ್ಳಿಯವಳು. ಬರುವ ಸೊಸೆಗೆ ಒಂದು ಖೋಲಿ ಬೇಕಲ್ಲ ಎಂಬ ಮಾತು ಊಟದ ಹೊತ್ತಿಗೆ ಬಂತು. ಕಾಕಾ ಅದನ್ನೂ ಮೊದಲೇ ಅಳೆದಿಟ್ಟಿದ್ದ. ನಡುಗಂಬದಿಂದ ಗೋಡೆಯವರೆಗೆ ಹಲಗೆಯ ತಡಿಕೆ ಹೊಡೆದರೆ ಒಂದು ಖೋಲಿಯಾಗುತ್ತದೆ, ಬೆಳಕಿಂಡಿಯೂ ಒಳಗೇ ಬರುತ್ತದೆ, ಗಾಳಿಯೂ ಆಯಿತು ಬೆಳಕೂ ಆಯಿತು ಎಂದ.

"ಮತ್ತ ವೈನಿ ಕೌದಿ?" ಎಂದು ತಾನೇ ಕೇಳಿ, ತಾನೇ ನಕ್ಕು ಉತ್ತರ ಹೇಳಿದ: "ವೈನಿ ಅಡ್ಜಸ್ಟ್ ಮಾಡ್ಕೊಂತಾರ. ವೈನಿ ಅಂದ್ರ ಬಂಗಾರ."

"ಹಿತ್ತಲದಾಗ ಕುಂತು ಹೊಲಿತಾಳೇಳು," ಎಂದಳು ಆಯಿ.

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದಳು. ಹಿತ್ತಲಿನಲ್ಲಿ ಗಾಳಿಗೆ ಪದರ ಹಾರುತ್ತವೆ, ಎಮ್ಮೆಯ ಕರು ಬಂದು ತುಳಿಯುತ್ತದೆ, ಮಳೆಗಾಲದಲ್ಲಿ ಕೆಸರು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪಡಸಾಲಿಯ ಬೆಳಕು ಹೋದರೆ ಅವ್ವನ ಕೈಯಿಂದ ಸೂಜಿ ಹೋಯಿತು ಎಂದೇ ಅರ್ಥ. ಅವಳ ಮುಖ ನೋಡಿದೆ. ಅಲ್ಲಿ ಸಿಟ್ಟು ಕಾಣಲಿಲ್ಲ. ಚರಿಗೆ ಹಿಡಿದು ಎಮ್ಮೆಯನ್ನು ನೋಡಿದಾಗಿನ ಕಣ್ಣು ಕಂಡಿತು.

"ಮದುವಿ ಕೌದಿ ನಾನ ಹೊಲೀಬೇಕಲ್ಲರಿ ಅತ್ತಿ?" ಎಂದಳು.

"ಮತ್ತ್ಯಾರ ಹೊಲೀತಾರ? ಮನೀ ಹಿರೀ ಸೊಸಿ ನೀನ ಅಲ್ಲೇನು. ಆದ್ರ ನೆಪ್ಪಿರಲಿ, ಮದುವಿ ಕೌದಿ ಒಮ್ಮೆ ಹಾಸಿದ್ರ ಮುಗಿಯೂತನಕ ಎತ್ತಬಾರದು, ಹೊಲಿಯಾಕಿ ಬಿಟ್ಟು ಯಾರೂ ತುಳೀಬಾರದು, ದಾಟಬಾರದು. ಎತ್ತಿದ್ರ ಅವರ ಸಂಸಾರ ಅಲ್ಲಾಡತೈತಿ."

"ನೆಪ್ಪೈತ್ರಿ," ಎಂದಳು ಅವ್ವ.

ಮರುದಿನ ಮುಂಜಾನೆ ಅಪ್ಪ ಹೊಲಕ್ಕೆ, ಕಾಕಾ ಬಸ್ಸಿಗೆ ಹೋದ ಮೇಲೆ ಅವ್ವ ಪಡಸಾಲಿಯನ್ನು ಸಾರಿಸಿದಳು. ನೆಲ ಆರಿದ ಮೇಲೆ ಗಂಟು ಬಿಚ್ಚಿದಳು. ಅವಳು ಹಾಸಿದಂಥ ಕೌದಿಯನ್ನು ನಾನು ಮೊದಲು ನೋಡಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ಮಲಗಿ, ಮುಂದೆ ಹುಟ್ಟುವ ಮಕ್ಕಳೂ ಮಲಗುವಷ್ಟು ದೊಡ್ಡದು. ಒಂದು ಅಂಚು ಗೋಡೆಗೆ ತಾಗಿತು. ಇನ್ನೊಂದು ಕಂಬವನ್ನು ದಾಟಿ, ಮೆಟ್ಟಿಲಿನ ತುದಿಯವರೆಗೆ ಬಂತು. ಅಡುಗೆಮನೆಯ ಕಡೆಯಿಂದ ಜಗಲಿಗೂ ಕಾಳಿನ ಖೋಲಿಗೂ ಹಿಂದಿನ ಗೋಡೆಗುಂಟ ಒಬ್ಬರು ನಡೆಯುವಷ್ಟು ದಾರಿ ಉಳಿಯಿತು. ಮುಂಬಾಗಿಲಿನಿಂದ ಒಳಗೆ ಬರುವವರಿಗೆ ದಾರಿಯೇ ಉಳಿಯಲಿಲ್ಲ. ಅವಳು ಮೂಲೆಗಳಿಗೆ ಕಲ್ಲು ಇಟ್ಟಳು. ಬೆಳಕಿಂಡಿಯ ಕೆಳಗೆ ಕೂತು ಸೂಜಿಗೆ ದಾರ ಪೋಣಿಸಿದಳು.

ಆಯಿ ದನದ ಬದಿಯಿಂದ ಬಂದು ಮೆಟ್ಟಿಲ ಬಳಿ ನಿಂತಳು. ಕೀಲಿಕೈ ಸದ್ದು ನಿಂತಿತು.

"ಇದೇನ ಗೌರಿ! ಮಂದಿ ಹ್ಯಾಂಗ ಅಡ್ಡಾಡಬೇಕು? ಈ ಕಡೀಗೆ ಒಂಚೂರು ಮಡಚು. ಅಜಸ್ಟ..."

"ಮದುವಿ ಕೌದಿ ಐತ್ರಿ ಅತ್ತಿ. ಎತ್ತಬಾರದು ಅಂದ್ರಿ."

ಆಯಿ ತನ್ನ ಮಾತನ್ನು ತಾನೇ ಹೇಗೆ ದಾಟುತ್ತಾಳೆ? ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತಲೆಬಾಗಿಲಿನಿಂದ ಹೊರಗೆ ಹೋಗಿ, ಓಣಿಯ ಎಲ್ಲ ಮನೆಗಳನ್ನು ಬಳಸಿ, ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ಬಂದಳು. ದಾರಿಯುದ್ದಕ್ಕೂ ಮಂದಿ ಏನಾಯಿತು ಎಂದು ಕೇಳಿದರಂತೆ. ಅವಳು ಬಂದವಳೇ ನೀರು ಕುಡಿದು, ಯಾರಿಗೂ ಅಲ್ಲದ ಹಾಗೆ ಹೇಳಿದಳು: "ಸೊಸಿ ಅನ್ನೂದು ಕಲ್ಲಾಗಿ ಕುಂತೈತಿ."

ಮಧ್ಯಾಹ್ನ ಅಪ್ಪ ಹೊಲದಿಂದ ಬಂದ. ಕಾಲಿಗೆ ಎರೆಮಣ್ಣು ಮೆತ್ತಿತ್ತು. ಮೆಟ್ಟಿಲ ಮೇಲಿನಿಂದ ಕೌದಿಯನ್ನು ನೋಡಿದ, ಅದರ ನಡುವೆ ಕೂತ ಅವ್ವನನ್ನು ನೋಡಿದ. ಅವ್ವ ತಲೆ ಎತ್ತಲಿಲ್ಲ. ಆದರೆ ಸೂಜಿ ನಿಂತಿತ್ತು. ನಾನು ಜಗಲಿಯ ಬದಿ ಬರೆಯುವ ಪಾಟಿ ಹಿಡಿದು ಕೂತಿದ್ದೆ. ಅಪ್ಪ ಬೈಯಬಹುದು, ಎತ್ತು ಎನ್ನಬಹುದು, ಅವನೂ ಆ ಮಾತನ್ನೇ ಹೇಳಬಹುದು. ಅವನು ತಿರುಗಿ ಮೆಟ್ಟಿಲು ಇಳಿದ. ಸ್ವಲ್ಪ ಹೊತ್ತಿಗೆ ಹಿತ್ತಲಿನಲ್ಲಿ ಕಾಲು ತೊಳೆದುಕೊಳ್ಳುವ ನೀರಿನ ಸದ್ದು ಕೇಳಿಸಿತು. ಅವ್ವನ ಸೂಜಿ ಮತ್ತೆ ನಡೆಯಿತು. ಈ ವಯಸ್ಸಿನಲ್ಲೂ, ಯಾರಾದರೂ ಪ್ರೀತಿಯ ಮಾತೆತ್ತಿದರೆ, ನನಗೆ ಆ ನೀರಿನ ಸದ್ದು ನೆನಪಾಗುತ್ತದೆ.

ಸಂಜೆ ಕಾಕಾ ಖಾಕಿಯಲ್ಲೇ ಬಂದ. ಹಿಂದೆ ಬಡಿಗ ಈರಪ್ಪ, ಹೆಗಲ ಮೇಲೆ ಹಲಗೆ.

"ಏನ್ ವೈನಿ, ಬಸ್ಸಿನ ಬಾಗಲದಾಗ ಸಾಮಾನ ಹೇರೀರಿ!" ಎಂದು ನಕ್ಕ. "ಒಂದ್ ಕಡಿ ಅಡ್ಜಸ್ಟ್ ಮಾಡ್ರಿ, ಈರಪ್ಪ ಕಂಬಕ್ಕ ಒಂದ್ ಪಟ್ಟಿ ಬಡದ್ ಹೊಕ್ಕಾನ."

"ಆಗೂದಿಲ್ಲ ಬಸಣ್ಣ."

ನಮ್ಮ ಮನೆಯಲ್ಲಿ ಆ ಮಾತಿಗೆ ತಿರುಗಿ ಬಂದ ಮೊದಲ ಉತ್ತರ ಅದು. ಬಹಳ ಮೆಲ್ಲಗೆ ಹೇಳಿದಳು. ಕಾಕಾನ ನಗು ಮುಖದ ಮೇಲೆಯೇ ಉಳಿಯಿತು, ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ಸ್ವಲ್ಪ ರೀ ವೈನಿ."

"ಸ್ವಲ್ಪೂ ಆಗೂದಿಲ್ಲ. ನಿನ್ನ ಮದುವಿದ ಐತಿ ಕೌದಿ. ಗೆಣ್ಣು ಎದ್ದ ಕೌದಿ ಮ್ಯಾಲ ನಿನ್ನ ಹೇಣ್ತೀನ್ನ ಮಲಗಸ್ತೀಯೇನು?"

"ಇದು ಮುಗದ್ ಮ್ಯಾಲಾದ್ರೂ ಖೋಲಿ ಆಗಬೇಕಲ್ಲ?"

"ಆಗಬೇಕು. ಆದ್ರ ಇಲ್ಲಿ ಅಲ್ಲ." ಅವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿ, ಆಯಿಯ ಕಡೆಗೆ ತಿರುಗಿದಳು. "ಕಾಳಿನ ಖೋಲಿ ಐತಲ್ಲರಿ ಅತ್ತಿ."

ಆಯಿಯ ಕೈ ಸೊಂಟದ ಕೀಲಿಕೈಗೆ ಹೋಯಿತು.

"ಅದರಾಗ ಚೀಲ ಅದಾವ!"

"ಅದಾವ್ರಿ. ಚೀಲಕ್ಕ ಗ್ವಾದಲಿ ಬಾಜೂಕ ಜಾಗ ಐತಿ, ಅಟ್ಟದ ಮ್ಯಾಲ ಜಾಗ ಐತಿ. ಮಲಗಾವರಿಗೆ ಬೆಳಕು ಬೇಕಾಗಿಲ್ಲ, ಬಾಗಲಿದ್ರ ಸಾಕು. ಹೊಲಿಯಾಕ ಬೆಳಕು ಬೇಕು. ಮನೀಗೆ ಇರೂದು ಇದೊಂದ ಬೆಳಕಿಂಡಿ. ಅದು ಒಳಗ ಹೋದ್ರ ನಾ ಸೂಜಿ ಕೆಳಗಿಟ್ಟೆ. ನಾ ಕಣ್ಣೀರ ಹಾಕೂದಿಲ್ಲ, ಜಗಳಾ ತಗಿಯೂದಿಲ್ಲ. ಇಟ್ಟಿದ್ದು ಇಟ್ಟಂಗ. ಮುಂದ ಈ ಮನ್ಯಾಗ ಹುಟ್ಟೋ ಕೂಸಿಗೂ ಹೊದಿಕಿ ಪ್ಯಾಟಿಂದ ತರ್ರಿ."

ಅಷ್ಟು ಉದ್ದದ ಮಾತನ್ನು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. ಈರಪ್ಪ ಹಲಗೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿದ.

"ಬಸಣ್ಣಾ, ಹಲಗಿ ಇಳಸ್ಲೋ, ಒಯ್ಲೋ? ಯಾವ ಸ್ಟಾಪಿನ್ಯಾಗ ಇಳೀಬೇಕಂತ ಹೇಳಪಾ ಕಂಡಕ್ಟರ, ಹೆಗಲ ಬಿದ್ದು ಹೋಗಾಕತ್ತೈತಿ."

ಕಾಕಾ ಬಾಗಿಲ ಕಡೆ ಕೈ ತೋರಿಸಿದ. ಈರಪ್ಪ ಹಲಗೆ ಒಯ್ದ. ಅಂದು ಊಟದಲ್ಲಿ ಕಾಕಾ ಸೀಟಿ ಊದಲಿಲ್ಲ.

ಆಮೇಲಿನ ದಿನಗಳು ಸುಲಭದವಾಗಿರಲಿಲ್ಲ. ಆಯಿ ಅವ್ವನ ಕೈಯ ಮಜ್ಜಿಗೆ ಮುಟ್ಟುವುದನ್ನು ಬಿಟ್ಟಳು. ನನ್ನ ಕೈಯಿಂದ ಕೊಟ್ಟರೆ ಕುಡಿಯುತ್ತಿದ್ದಳು. ಕಾಕಾ ಖಾಕಿ ತೊಟ್ಟು ಓಣಿ ಬಳಸಿ ಹಿತ್ತಲಿನಿಂದ ಬರುವಾಗ, ಕಟ್ಟೆಯ ಮೇಲಿನವರು 'ಬಸ್ ರೂಟ್ ಬದಲ್ ಆತೇನಪಾ?' ಎಂದು ಕಾಡುತ್ತಿದ್ದರು. ಅವನು ಅವ್ವನ ಮುಂದೆ ಒಮ್ಮೆ ನಗುತ್ತ, ಒಮ್ಮೆ ಮುನಿಸಿಕೊಂಡು, ಒಮ್ಮೆ 'ನೀವ ನನ್ನ ಸಾಕಿದವರು' ಎಂದು ಕಣ್ಣು ತುಂಬಿಕೊಂಡು ಅದೇ ಮಾತನ್ನು ಹೇಳಿನೋಡಿದ. ನೆಂಟರು ಬಂದರು, ಅವರೂ ಹೇಳಿದರು: ಮನೀ ಅಂದ ಮ್ಯಾಲ ಅಡ್ಜಸ್ಟ್ ಮಾಡ್ಕೋಬೇಕಾಗತೈತಿ ಗೌರವ್ವ. ಅವ್ವ ಎಲ್ಲರಿಗೂ ಕೂರಲು ಅಡುಗೆಮನೆಯಲ್ಲಿ ಮಣೆ ಹಾಕಿದಳು, ಚಹಾ ಕೊಟ್ಟಳು. ಮತ್ತೆ ಹೋಗಿ ಬೆಳಕಿನಲ್ಲಿ ಕೂತಳು. ಹೊಲಿಗೆಯನ್ನು ಬೇಕೆಂದು ನಿಧಾನ ಮಾಡಲಿಲ್ಲ, ಹೆದರಿ ಅವಸರವನ್ನೂ ಮಾಡಲಿಲ್ಲ. ಶಾಲೆಯಿಂದ ಬಂದು ನಾನು ಅವಳಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಆಯಿಯ ಕೀಲಿಕೈ ಸದ್ದಾದಾಗೆಲ್ಲ ಅವಳ ಬೆರಳಿನ ಸೂಜಿ ದಾರಿ ತಪ್ಪುವುದನ್ನು ಒಂದು ದಿನ ಕಂಡೆ. ಗಟ್ಟಿಯಾಗಿ ಕೂತವರಿಗೆ ಭಯವಿರುವುದಿಲ್ಲ ಎಂದು ತಿಳಿದಿದ್ದೆ. ಭಯ ಇತ್ತು. ಅವಳು ಅದನ್ನು ಬೆರಳಿನಲ್ಲಿ ಇಟ್ಟುಕೊಂಡು ಕೂತಿದ್ದಳು.

"ಅವ್ವಾ, ಆಯಿ ಒಪ್ಪಲಿಲ್ಲಂದ್ರ?"

"ಒಪ್ಪದಿದ್ರ ಒಪ್ಪೂದಿಲ್ಲ."

"ಆಮ್ಯಾಲ?"

"ಆಮ್ಯಾಲ ಏನಿಲ್ಲ. ದಾರ ಸಣ್ಣದ ಆತು, ಉದ್ದಂದು ತಗಿ."

ಹೊಲಿಗೆಯ ಸುತ್ತು ಒಳಕ್ಕೆ ಬರುತ್ತ, ಖಾಲಿ ಉಳಿದ ನಡುವು ಹಿಟ್ಟು ನಾದುವ ಪರಾತದಷ್ಟಾದಾಗ ಒಂದು ಮುಂಜಾನೆ ಅಪ್ಪ ಹೊಲಕ್ಕೆ ಹೋಗಲಿಲ್ಲ. ಗೋಡೆಗುಂಟ ನಡೆದು ಕಾಳಿನ ಖೋಲಿಯ ಬಾಗಿಲ ಮುಂದೆ ನಿಂತು ಆಯಿಯ ಕಡೆಗೆ ಕೈ ಚಾಚಿದ.

"ಕೀಲಿಕೈ ಕೊಡಬೇ."

"ನೀನೂ ಹೇಣ್ತಿ ಕಡೀಗ್ಯಾದಿ?"

"ಎಮ್ಮಿ ಸಲುವಾಗಿ ಗ್ವಾದಲಿ ಒಡದೆ," ಎಂದ ಅಪ್ಪ. ಅಷ್ಟೇ ಎಂದ.

ಆಯಿ ಸೊಂಟದಿಂದ ಕೀಲಿಕೈ ಬಿಚ್ಚಿ ಅವನ ಕೈಗೆ ಹಾಕದೆ, ಜಗಲಿಯ ಮೇಲೆ ಇಟ್ಟಳು. ಅಪ್ಪ ಬಾಗಿಲು ತೆಗೆದು ಮೊದಲ ಜೋಳದ ಚೀಲವನ್ನು ಬೆನ್ನಿಗೆ ಹಾಕಿಕೊಂಡ. ಕೌದಿಯ ಬದಿಯಿಂದ, ಅಡುಗೆಮನೆಯಿಂದ, ಹಿತ್ತಲಿನಿಂದ, ಓಣಿ ಬಳಸಿ, ತಲೆಬಾಗಿಲಿನಿಂದ ಒಳಗೆ ಬಂದು ಗ್ವಾದಲಿಯ ಬದಿಗೆ ಇಳಿಸಿದ. ನೇರ ಹೋದರೆ ಅದು ಕೈಯಳತೆಯ ದೂರ. ಎರಡನೆಯ ಚೀಲದ ಹೊತ್ತಿಗೆ ಕಾಕಾ ಖಾಕಿ ಅಂಗಿ ಬಿಚ್ಚಿ ಬನಿಯನ್ನಿನಲ್ಲಿ ಬಂದು ಇನ್ನೊಂದು ತುದಿ ಹಿಡಿದ. ಓಣಿಯವರು ಮೆರವಣಿಗೆ ನೋಡುವ ಹಾಗೆ ಹೊರಗೆ ನಿಂತರು. ಇಷ್ಟು ವರ್ಷ ಆ ಚೀಲಗಳಿಗೆ ಯಾರೂ ಅಡ್ಜಸ್ಟ್ ಮಾಡ್ಕೋ ಎಂದಿರಲಿಲ್ಲ. ಹೇಳಿದ ದಿನ ಅವು ಸುಮ್ಮನೆ ಹೋದವು.

ಕೌದಿ ಮುಗಿಯುವ ದಿನ ಹೋಳಿಗೆ ಮಾಡಿದರು. ಕೊನೆಯ ತ್ಯಾಪಿ ಮುಚ್ಚುವ ಮೊದಲು ಅವ್ವ ಆಯಿಯನ್ನು ಕರೆದಳು.

"ಬರ್ರಿ ಅತ್ತಿ. ಹೊಟ್ಟಿ ತುಂಬಸೂದು ನಿಮ್ಮ ಕೈಲೆ ಆಗಬೇಕು."

"ನನ್ನ ಕೈ ಯಾಕ್ ಬೇಕ್ ನಿನಗ," ಎಂದು ಗೊಣಗುತ್ತಲೇ ಆಯಿ ಬಂದಳು. ಹೋಳಿಗೆಯ ಚೂರನ್ನು ಪದರದ ನಡುವೆ ಇಟ್ಟಳು. ಕೈ ಹಿಂದಕ್ಕೆ ತೆಗೆಯುವಾಗ ಕೌದಿಯ ಮೇಲೆ ಒಮ್ಮೆ ಅಂಗೈ ಆಡಿಸಿದಳು, ಗೆಣ್ಣು ಇದೆಯೇ ಎಂದು ಹುಡುಕುವವಳ ಹಾಗೆ. ಇರಲಿಲ್ಲ. ಅವತ್ತು ಅವ್ವನ ಕೈಯ ಮಜ್ಜಿಗೆ ಕುಡಿದಳು. ಉಪ್ಪು ಕಡಿಮೆ ಎಂದಳು.

ಮದುವೆಯಾಯಿತು. ರಟ್ಟೀಹಳ್ಳಿಯ ಚಿಕ್ಕವ್ವ, ಕಾಕಾನ ಹೆಂಡತಿ, ಕಾಳಿನ ಖೋಲಿಗೆ ಬಂದಳು. ಖೋಲಿಗೆ ಬಹಳ ದಿನ ಜೋಳದ ವಾಸನೆ ಇತ್ತು. ಅದನ್ನು ಹೇಳಿ ಅವಳು ನಗುತ್ತಿದ್ದಳು. ಬಂದ ಹೊಸತರಲ್ಲಿ ಒಂದು ಮಧ್ಯಾಹ್ನ ಅವ್ವ ಹೊಸ ಕೌದಿ ಹಾಸಿಕೊಂಡು ಬೆಳಕಿಂಡಿಯ ಕೆಳಗೆ ಕೂತಿದ್ದಳು. ಚಿಕ್ಕವ್ವ ಖೋಲಿಯ ಬಾಗಿಲಲ್ಲಿ ನಿಂತು, ಬಳೆ ತಿರುವುತ್ತ ನೋಡುತ್ತಿದ್ದಳು. ಮನೆ ಹೊಸದು, ಎಲ್ಲಿ ಕೂರಬೇಕು ಎಲ್ಲಿ ಕೂರಬಾರದು ಎಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಬೆಳಕಿಗೆ ಬರುತ್ತೇನೆಂದು ಹೇಳಲಿಲ್ಲ; ಜಾಗ ಕೊಡು ಎಂದು ಕೇಳಲಿಲ್ಲ.

ಅವ್ವ ತಲೆ ಎತ್ತಿ ಅವಳನ್ನು ನೋಡಿದಳು. ಆಮೇಲೆ ತನ್ನ ಮೊಣಕಾಲನ್ನು ಒಳಕ್ಕೆ ಎಳೆದುಕೊಂಡು, ಬಿಸಿಲು ಬಿದ್ದ ಬದಿಯನ್ನು ಅಂಗೈಯಿಂದ ನೀವಿದಳು.

"ಬಾ, ಇಲ್ಲಿ ಕುಂದರು. ಈ ಅಂಚು ನೀ ಹಿಡಿ."